ಚೀನಾ ಸಿನಿಮಾದ ಉಳಿದರ್ಧ

“ಹಲೋ... ಹಲೋ, ಯಾರವಾ ಮಾತಾಡೋದು? ಹಾಜಿರಾನ ಮನಿ ಅಲ್ಲೇನು ಇದು?”

...

“ಹಾಂ, ಸಿದ್ರಾನಾ? ನಾ ಪುತಳಾಬಾಯಿ, ಕಮಲಾಪುರದಿಂದ. ಹೌದು ಬೇಟಾ, ನಿಮ್ಮ ದಾದಿ ಗೆಳತಿ. ಕಣ್ಣಿಗಿ ಹಸರ ಬಟ್ಟಿ ಕಟ್ಯಾರ, ಹೆಸರು ಕಾಣವಲ್ದು. ಅಂದಾಜಿಲೆ ಒತ್ತೀನಿ. ಸಿಕ್ಕಿ, ಬಾಳ ಚಲೋ ಆತು.”

ಪುತಳಾಬಾಯಿ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಫೋನನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿದ್ದು ನಿನ್ನೆಯಷ್ಟೇ. ಧೂಳಿಗೆ ಹೋಗಬೇಡ, ಬಸ್ಸು ಹತ್ತಬೇಡ ಎಂದು ಡಾಕ್ಟರು ಒಮ್ಮೆ ಹೇಳಿದ್ದನ್ನು ಸೊಸೆ ಸೌಂದರ್ಯಾ ಮನೆಯಲ್ಲಿ ಹತ್ತಾರು ಸಲ ಹೇಳಿ, ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ರಸ್ತೆ ಬದಿಗೆ ಮಾರಲು ಹೋಗಿದ್ದಳು. ಅತ್ತೆಯ ಸ್ವಭಾವ ಗೊತ್ತಿದ್ದವಳು, ಹೋಗುವ ಮುಂಚೆ ಚಪ್ಪಲಿಯನ್ನೂ ಎಲ್ಲಿಯೋ ಎತ್ತಿಟ್ಟಿದ್ದಳು. ಹಾಜಿರಾಗೆ ಲಕ್ವಾ ಹೊಡೆದಿದೆ, ಹಬ್ಬದ ಮರುದಿನದಿಂದ ಹಾಸಿಗೆ ಹಿಡಿದಿದ್ದಾಳೆ ಎಂಬ ಸುದ್ದಿಯನ್ನು ಕಲಬುರಗಿಯಿಂದ ಹಣ್ಣು ಒಯ್ಯಲು ಬಂದ ಸಿಕಂದರ್ ಬಾಗಿಲಲ್ಲಿ ನಿಂತು ಹೇಳಿ ಹೋಗಿ ಇನ್ನೂ ಬಹಳ ಹೊತ್ತಾಗಿರಲಿಲ್ಲ.

“ನನಗ್ಯಾಕ ಹೇಳಿ ಕಳಸಲಿಲ್ಲ ನೀವು? ... ಹಾಂ. ... ಬಲಗೈ, ಬಲಗಾಲು ಎರಡೂನಾ? ... ಮತ್ತ ಮಾತು? ... ಒಂದೂ ಇಲ್ಲ?”

...

“ಹಾಂ. ... ಹಾಂ. ಹೇಳು, ನಾ ಕೇಳಾಕತ್ತೀನಿ.”

ಹಾಜಿರಾಳ ಮೊಮ್ಮಗಳು ಸಿದ್ರಾ ದನಿ ತಗ್ಗಿಸಿ ಹೇಳುತ್ತಿದ್ದಳು. ಚಮಚದಿಂದ ಕುಡಿಸಿದರೆ ದಾದಿ ನುಂಗುತ್ತಾಳಂತೆ, ಕಣ್ಣು ತೆರೆಯುತ್ತಾಳಂತೆ. ಆದರೆ ಯಾರನ್ನೂ ನೋಡುವುದಿಲ್ಲ. ಮಗ ಮಂಜೂರ್ ಎದುರಿಗೆ ಕೂತು ಕರೆದರೂ ಅವನ ಆಚೆಯ ಗೋಡೆಯನ್ನೇ ನೋಡುತ್ತಾಳೆ. ಮನೆಯವರೂ ಈಗೀಗ ಅವಳ ಮುಂದೆಯೇ ಅವಳ ವಿಷಯ ಮಾತಾಡತೊಡಗಿದ್ದಾರೆ, ಅವಳು ಅಲ್ಲಿ ಇಲ್ಲವೆಂಬಂತೆ. ನಾಳೆ ಮುಂಜಾನೆ ಹೈದರಾಬಾದಿಗೆ, ಮಗಳು ಜೀನತ್ ಮನೆಗೆ ಒಯ್ಯುವುದೆಂದು ಗಾಡಿಯನ್ನೂ ಹೇಳಿಟ್ಟಾಗಿದೆ.

“ತಿರಗಿ ಯಾವಾಗ ಕರ್ಕೊಂಡು ಬರ್ತೀರಿ? ... ಗೊತ್ತಿಲ್ಲ ಅಂದ್ರ ಹ್ಯಾಂಗವಾ. ... ಹಾಂ. ಆತು, ಬಿಡು.”

ತಿರುಗಿ ತರುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಿಲ್ಲವೆಂಬುದು ಪುತಳಾಬಾಯಿಗೆ ಅರ್ಥವಾಯಿತು. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಅವಳಿಗೆ ತಿಳಿಯಬೇಕಾದದ್ದು ಒಂದೇ ಇತ್ತು: ಹಾಜಿರಾ ಒಳಗೆ ಇದ್ದಾಳೋ ಇಲ್ಲವೋ, ತನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ. ನಾಳೆ ಗಾಡಿ ಹೋದಮೇಲೆ ಅದನ್ನು ಕೇಳುವುದಕ್ಕೂ ದಾರಿಯಿಲ್ಲ.

“ಬೇಟಾ, ಫೋನು ಆಕಿ ಕಿವಿಗಿ ಹಿಡಿ. ನೀ ಸುಮ್ಮ ಆಕಿ ಮಾರಿ ನೋಡಿಕೋತ ಕೂಡು. ಏನಾರ ಆದ್ರ ನನಗ ಹೇಳು. ... ಅಳಾಕ ಹತ್ತಬ್ಯಾಡ ಮತ್ತ. ನೀ ಅತ್ರ ನನಗ ಆಕಿ ದನಿ ಕೇಳಂಗಿಲ್ಲ.”

...

“ಹಾಜಿರಾ. ನಾನು, ಪುತಳಾ.”

...

“ಕೇಳ್ತದ ಇಲ್ಲ ನಿನಗ?”

...

ಆ ಕಡೆಯಿಂದ ಫ್ಯಾನಿನ ಸದ್ದು, ಓಣಿಯಲ್ಲಿ ಹಾದುಹೋದ ಗಾಡಿಯ ಹಾರ್ನು, ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಟ್ಟದ್ದು. ಆರಾಮಾಗು, ದೇವರಿದ್ದಾನೆ ಎಂಬ ಮಾತುಗಳನ್ನು ಬಂದವರೆಲ್ಲ ಹೇಳಿ ಹೋಗಿರಬೇಕು. ಅವನ್ನೇ ತಾನೂ ಹೇಳಿದರೆ ಹಾಜಿರಾ ಯಾಕೆ ಕಣ್ಣು ಹೊರಳಿಸಿಯಾಳು? ಪುತಳಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹಾಜಿರಾ, ಆ ಚೀನಾ ಸಿನಿಮಾ ನೆನಪದ ಏನು? ಉಪ್ಪಿನ ಕಾವಡಿಯಾಂವಂದು. ನಾವು ಜಡಿಯಾಂವ ಅಂತಿದ್ದಿವಲ್ಲ, ಅವಂದು.”

...

ಆಗ ಇಬ್ಬರೂ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಪುತಳಾಬಾಯಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಹಾಜಿರಾಳ ಮಡಿಲಲ್ಲಿ ಮಂಜೂರ್ ಇದ್ದ. ಮಿಲ್ಲಿಗೆ ರಜೆ ಬಿದ್ದ ಮಧ್ಯಾಹ್ನ ಸಿನಿಮಾಕ್ಕೆ ಹೋದರೆ ಆ ಕೂಸು ಕತ್ತಲಿಗೆ ಕಿರುಚಿ, ಹೆಂಗಸರ ಕ್ಲಾಸಿನವರೆಲ್ಲ ತಿರುಗಿ ಬೈಯುವಂತೆ ಮಾಡುತ್ತಿತ್ತು. ಅದಕ್ಕೆ ಇಬ್ಬರೂ ಸಿನಿಮಾವನ್ನೇ ಹಂಚಿಕೊಂಡರು. ಇಂಟರ್ವಲ್‌ತನಕ ಪುತಳಾಬಾಯಿ ಒಳಗೆ, ಹಾಜಿರಾ ಕೂಸಿನೊಂದಿಗೆ ಹೊರಗಿನ ಬೇವಿನ ಗಿಡದ ಬುಡದಲ್ಲಿ. ಇಂಟರ್ವಲ್ ಆದಕೂಡಲೇ ಗೇಟಿನಲ್ಲಿ ಪಾಸು ಆ ಕೈಗೆ, ಕೂಸು ಈ ಕೈಗೆ. ಅಷ್ಟರಲ್ಲೇ ಮೊದಲರ್ಧದ ಕತೆಯನ್ನು ಹೇಳಿ ಮುಗಿಸಬೇಕು: ಬಿಳೀ ಗಡ್ಡದವ ಕೆಟ್ಟವ, ಕುಂಟ ನಮ್ಮವ, ಹೋಗು, ಹೋಗು. ಉಳಿದರ್ಧವನ್ನು ಹಾಜಿರಾ ಮನೆಯಿದ್ದ ಮೋಮಿನಪುರದವರೆಗೆ ನಡೆಯುತ್ತ, ನಡುನಡುವೆ ನಿಂತು ಕೈಕಾಲು ಆಡಿಸಿ ತೋರಿಸುತ್ತ ಹೇಳುತ್ತಿದ್ದಳು. ಹೀಗೆ ನೋಡಿದ ಸಿನಿಮಾಗಳಲ್ಲಿ ಯಾವುದನ್ನು ಯಾರು ಕಣ್ಣಾರೆ ಕಂಡರು, ಯಾವುದನ್ನು ಯಾರು ಕೇಳಿದರು ಎಂಬುದು ಕೆಲವು ದಿನ ಕಳೆದರೆ ಅವರಿಗೇ ತಿಳಿಯುತ್ತಿರಲಿಲ್ಲ.

ಚೀನಾದ ಸಿನಿಮಾ ಒಂದು ಮಾತ್ರ ಹರಿದ ಹಾಗೆಯೇ ಉಳಿಯಿತು. ಚೀನಾದವರೆಲ್ಲ ಹಿಂದಿ ಮಾತಾಡುವ ಸಿನಿಮಾ ಅದು. ರಾಜರ ಕಾಲದ ಕತೆ. ಅದರ ಹೀರೋ ಆ ಸೀಮೆಯ ಬಡಜನ ಹಾಡು ಕಟ್ಟಿ ನೆನೆಯುವ ಧೀರ, ಕಾವಡಿಯಲ್ಲಿ ಉಪ್ಪು ಹೊತ್ತು ಊರೂರು ತಿರುಗುವವ, ಬೆನ್ನ ಮೇಲೆ ಸೊಂಟದ ತನಕ ಜಡೆ. ಅವನು ಕತ್ತಿ ಮುಟ್ಟಿದವನಲ್ಲ, ಕಾವಡಿಯ ಕೋಲಿನಿಂದಲೇ ಹೊಡೆದಾಡುತ್ತಿದ್ದ. ಆ ವಿದ್ಯೆ ಕಲಿಸಿದವಳು ಧಾನ್ಯ ಕೇರುವ ಒಬ್ಬ ಮುದುಕಿ. ಮೊರ ಹಿಡಿದ ಅವಳ ಕೈವರಸೆಯನ್ನು ನೋಡಿ ಪುತಳಾಬಾಯಿಗೆ ತನ್ನ ಮಿಲ್ಲೇ ತೆರೆಯ ಮೇಲೆ ಬಂದಂತಾಗಿತ್ತು. ಇಂಟರ್ವಲ್ ಬಿದ್ದಾಗ ಜಡೆಯವನು ಕೋಟೆಯ ಬಾಗಿಲ ಮುಂದೆ ಒಬ್ಬನೇ ನಿಂತಿದ್ದ. ಅವನ ತಂಗಿ ಒಳಗೆ ಸೆರೆಯಲ್ಲಿದ್ದಳು. ಸಿನಿಮಾ ಬಿಟ್ಟು ಹಾಜಿರಾ ಹೊರಗೆ ಬರುವ ಹೊತ್ತಿಗೆ, ಪುತಳಾಬಾಯಿಯ ಗಂಡ ಮನೆಯ ಸಾಮಾನೆಲ್ಲ ಹೇರಿದ ಲಾರಿಯೊಂದಿಗೆ ಗೇಟಿಗೇ ಬಂದು ನಿಂತಿದ್ದ. ಕಮಲಾಪುರದಲ್ಲಿ ಬಾಳೆ ತೋಟದ ಕೆಲಸ ಸಿಕ್ಕಿತ್ತು, ಮರುದಿನ ಹೊರಡುವುದೆಂದಿದ್ದದ್ದು ಅಂದಿಗೇ ಬಂದಿತ್ತು. ಕೂಸು ಕೈ ಬದಲಾಯಿತು. ಕತೆ ಹೇಳಲು ಲಾರಿಯವ ಬಿಡಲಿಲ್ಲ.

ಆಮೇಲೆ ಮದುವೆಗೆ, ಬಾಣಂತನಕ್ಕೆ, ಉರುಸಿಗೆ ಎಷ್ಟೋ ಸಲ ಇಬ್ಬರೂ ಕೂಡಿದರು. ಪ್ರತಿ ಸಲ ಇವಳು ಕೇಳುವಳು. ಹೇಳಿಬಿಟ್ಟರೆ ನೀನು ಬರುವುದನ್ನೇ ಬಿಡುತ್ತೀ ಎಂದು ಅವಳು ನಗುವಳು. ಬೇರೆಲ್ಲೂ ನೋಡಬಾರದೆಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಮೊಮ್ಮಕ್ಕಳು ಫೋನಿನಲ್ಲಿ ಹುಡುಕಿ ಕೊಡುತ್ತೇವೆಂದಾಗಲೂ ಪುತಳಾಬಾಯಿ ಒಲ್ಲೆನೆಂದಿದ್ದಳು.

“ಜಡಿಯಾಂವ ಕತ್ತಿ ಹಿಡಕೊಂಡು ಕ್ವಾಟಿ ಮುಂದ ನಿಂತಿದ್ದಾ. ಇಷ್ಟುದ್ದ ಕತ್ತಿ. ಹೌದಲ್ಲ?”

...

ಬೇಕೆಂದೇ ತಪ್ಪು ಹೇಳಿದಳು. ಸಿನಿಮಾದ ಕತೆಯನ್ನು ಯಾರಾದರೂ ತಪ್ಪು ಹೇಳಿದರೆ ಉಣ್ಣುವ ತುತ್ತನ್ನು ಕೆಳಗಿಟ್ಟು ತಿದ್ದುವ ಹೆಂಗಸು ಹಾಜಿರಾ.

“ಬೇಟಾ, ಮಾರಿ ನೋಡಿದ್ಯಾ? ... ಏನೂ ಇಲ್ಲ? ... ಇರಲಿ. ಹಿಡಿ, ಹಿಡಿ, ಕಿವಿಗಿ ಹಿಡಿ.”

...

“ಅಂವಗ ಹೊಡದಾಟ ಕಲಿಸಿದಾಂವ ಒಬ್ಬ ಸಾಹುಕಾರ. ಪಲ್ಲಂಗದ ಮ್ಯಾಲ ಕುಂತು ಕಲಿಸಿದಾ.”

...

“ಒಳಗ ಸೆರಿಯಾಗ ಇದ್ದಾಕಿ ಅವನ ಹೇಣ್ತಿ.”

...

“ಖರೇ ಹೇಳ್ಬೇಕಂದ್ರ ಹಾಜಿರಾ, ಆ ಸಿನಿಮಾ ಏನ್ ಚಂದ ಇರಲಿಲ್ಲ ತಗಿ.”

...

ಅಷ್ಟು ದೊಡ್ಡ ಸುಳ್ಳಿಗೂ ಆ ಕಡೆ ಫ್ಯಾನು ಮಾತ್ರ ತಿರುಗಿತು. ಕಣ್ಣು ಒದ್ದೆ ಮಾಡಿಕೊಳ್ಳಬೇಡ ಎಂದೂ ಡಾಕ್ಟರು ಹೇಳಿದ್ದರು. ಪುತಳಾಬಾಯಿಯನ್ನು ಈ ಊರಿನಲ್ಲಿ ಅತ್ತೆ ಎನ್ನುವವರಿದ್ದರು, ಆಯಿ ಎನ್ನುವವರಿದ್ದರು, ಬಾಳೆಹಣ್ಣಿನ ಬಾಯಿ ಎನ್ನುವವರಿದ್ದರು. ಪುತಳಾ ಎಂದು ಬರಿ ಹೆಸರು ಹಿಡಿದು ಕರೆಯುವವಳು ಜಗತ್ತಿನಲ್ಲಿ ಒಬ್ಬಳೇ ಉಳಿದಿದ್ದಳು.

“ಹಾಂ? ... ಸಾಕು ಅಂತೀಯಾ? ... ಮಂಜೂರ್ ಫೋನು ಕೇಳಾಕತ್ತಾನಾ? ಬೇವಿನ ಗಿಡದ ಬುಡಕ ನಿನ್ನ ಹೊತ್ತು ತಿರಗಿದಾಕಿ ಮಾತಾಡಾಕತ್ತಾಳ, ಇನ್ನೊಂದೀಟು ತಡಿ ಅಂತ ಹೇಳು ನಿಮ್ಮ ಅಬ್ಬಾಗ. ... ಚಾರ್ಜು ಮುಗಿಯಾಕ ಬಂದದಾ? ಇದ್ದಷ್ಟು ಇರಲಿ. ಹಿಡಿ.”

...

“ಹಾಜಿರಾ, ನೀ ಹೇಳಂಗಿಲ್ಲ, ಹೌದಲ್ಲ?”

...

“ಆತು. ಹಂಗಾರ ನಾನೇ ಹೇಳ್ತೀನಿ. ನಾ ನೋಡಿಲ್ಲ, ಆದ್ರೂ ಹೇಳ್ತೀನಿ. ತಪ್ಪಿದ್ರ ಇರಲಿ.”

ಈ ಸಲ ಅವಳ ಮಾತಿನಲ್ಲಿ ಉಪಾಯವೇನೂ ಇರಲಿಲ್ಲ. ಗೋಡೆಗೆ ತಲೆ ಆನಿಸಿ, ಕಟ್ಟಿದ ಕಣ್ಣನ್ನೂ ಕಟ್ಟದ ಕಣ್ಣನ್ನೂ ಮುಚ್ಚಿ, ಅಂದು ಗೇಟಿನಲ್ಲಿ ಬಿಟ್ಟು ಬಂದ ಜಾಗದಿಂದಲೇ ಶುರುಮಾಡಿದಳು.

“ಜಡಿಯಾಂವ ಕ್ವಾಟಿ ಬಾಗಲಾ ಬಡದಾ. ಕೋಲಿಲೆ ಬಡದಾ, ಕೈಲೆ ಬಡದಾ. ಬಾಗಲಾ ತಗೀಲಿಲ್ಲ. ಮ್ಯಾಲ ಕಾವಲಿ ಇದ್ದವರು ಅಂದ್ರು, ಒಳಗ ಯಾರೂ ಇಲ್ಲ, ಸುಮ್ಮ ಹೋಗು ಅಂತ.”

...

“ಅಂವ ಹೋಗಲಿಲ್ಲ. ಬಡದಾಡಲೂ ಇಲ್ಲ. ಕಾವಡಿ ಇಳಿಸಿ, ಗ್ವಾಡಿ ಬುಡಕ ಕುಂತಾ. ಕಲ್ಲಿಗಿ ಬಾಯಿ ಹಚ್ಚಿ ಅಂದಾ, ತಂಗಿ, ನೀ ಒಳಗ ಅದಿ ಅಂತ ನನಗ ಗೊತ್ತದ. ಇವರಿಗಿ ಗೊತ್ತಿಲ್ಲ, ನನಗ ಗೊತ್ತದ.”

...

“ಏನದು?”

...

“ಸಿದ್ರಾ, ಹೂಂ ಅಂದಾಕಿ ನೀನೇನು? ... ನೀ ಅಲ್ಲಾ? ... ಖರೇನಾ? ... ಏಳಬ್ಯಾಡ. ಯಾರನ್ನೂ ಕರೀಬ್ಯಾಡ. ಫೋನು ತಗೀಬ್ಯಾಡ ಬೇಟಾ, ಕತಿ ನಡದದ.”

ಕತೆ ಕೇಳುವವರ ಹೂಂ ಅದು. ಒಪ್ಪಿದ್ದೂ ಅಲ್ಲ, ತಿದ್ದಿದ್ದೂ ಅಲ್ಲ. ಮುಂದೆ ಹೇಳು ಎಂದಷ್ಟೇ. ಮೂಗಿನಿಂದ ಬಂದ, ದಪ್ಪನೆಯ, ಅರ್ಧಕ್ಕೇ ನಿಂತ ದನಿಯಾದರೂ ಅದು ಯಾರದೆಂದು ಪುತಳಾಬಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಂದೇನಾಯಿತೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದವಳು ಆ ಕಡೆ ಕೇಳುತ್ತ ಮಲಗಿದ್ದಾಳೆ. ಆದರೆ ಕೇಳುವವರು ಹೂಂ ಎಂದಮೇಲೆ ಹೇಳುವವರು ನಿಲ್ಲುವ ಹಾಗಿಲ್ಲ.

“ಹಾಂ, ಹಾಜಿರಾ... ಕೇಳು. ಹೊತ್ತು ಮುಣಗಿತು. ಅಂವ ಏಳಲಿಲ್ಲ. ಕಲ್ಲಿಗಿ ಕಿವಿ ಹಚ್ಚಿ ಹಂಗೇ ಕುಂತಾ.”

...

“ಹಾಂ. ಆಮ್ಯಾಲ ಆ ಕಡಿಂದ ಆಕಿ, ಸಣ್ಣಗ, ಒಂದ...”

ಲೈನು ಕಡಿಯಿತು.