ಐದು ಗಂಟೆಗೆ ಬಾ

ಬೆಳಿಗ್ಗೆ ಹಿಡಿದ ಮಳೆ ಸಂಜೆಯಾಗುತ್ತ ಬಂದರೂ ಬಿಡುವ ಲಕ್ಷಣ ಕಾಣಲಿಲ್ಲ. ಬೆಟ್ಟ ಹತ್ತಲು ಬಂದಿದ್ದ ಏಳೆಂಟು ಹುಡುಗ ಹುಡುಗಿಯರು ಯೂತ್ ಹಾಸ್ಟೆಲಿನ ಊಟದ ಕೋಣೆಯಲ್ಲಿ ಒದ್ದೆ ಸಾಕ್ಸುಗಳನ್ನು ಕುರ್ಚಿಗಳ ಮೇಲೆ ಹರವಿಕೊಂಡು ಆಕಳಿಸುತ್ತಿದ್ದರು. ಕರೆಂಟು ಹೋಗಿತ್ತು, ಫೋನುಗಳು ಸತ್ತಿದ್ದವು. ಬೇರೆ ಗತಿಯಿಲ್ಲದೆ ಅವರು ಮುದುಕ ವಾರ್ಡನ್ನಿಗೆ ಗಂಟುಬಿದ್ದರು. "ಇಲ್ಲಿ ದೆವ್ವ ಇದೆಯಂತಲ್ಲ, ಹೇಳಿ ತಾತ." ಕೇಳಿದವರಿಗೆಲ್ಲ ಇಷ್ಟು ವರ್ಷ ಹಾರಿಕೆಯ ಉತ್ತರ ಕೊಟ್ಟು ಸಾಗಹಾಕಿದ್ದ ತಾತನಿಗೆ ಇವತ್ತು ಯಾಕೋ ಅದನ್ನು ಎದೆಯಲ್ಲೇ ಇಟ್ಟುಕೊಳ್ಳಲು ಆಗಲಿಲ್ಲ.

"ಈಗ ನೀವು ಮಧ್ಯಾಹ್ನದವರೆಗೆ ಬಿದ್ಕೊಂಡಿದ್ರೂ ಕೇಳೋರಿಲ್ಲ. ಆಗ ಹಾಗಲ್ಲಪ್ಪ... ಹೆಗಲಿಗೆ ಚೀಲ ಏರಿಸಿ, ನಕ್ಷೆ ಹಿಡ್ಕೊಂಡು, ಒಂದು ಹಾಸ್ಟೆಲಿಂದ ಇನ್ನೊಂದಕ್ಕೆ ನಡ್ಕೊಂಡೇ ಬರೋರು. ಒಂದು ಕೋಣೇಲಿ ಇಪ್ಪತ್ತು ಜನ, ಮಂಚದ ಮೇಲೆ ಮಂಚ. ಬೆಳಿಗ್ಗೆ ಒಬ್ಬ ಗುಡಿಸ್ಬೇಕು, ಒಬ್ಬ ಪಾತ್ರೆ ತೊಳೀಬೇಕು, ಹತ್ತಕ್ಕೆ ಎಲ್ರೂ ಹೊರಗೆ. ಐದರವರೆಗೆ ಬಾಗಿಲು ತೆಗೆಯೋ ಹಾಗಿಲ್ಲ. ಯಾಕೆ ಅಂತೀರಾ? ಹರೆಯದವರು ನಾಲ್ಕು ಗೋಡೆ ಮಧ್ಯೆ ಕೊಳೀಬಾರ್ದು, ಲೋಕ ನೋಡ್ಬೇಕು ಅಂತ. ಉದ್ದೇಶ ಒಳ್ಳೇದೇ. ಆದ್ರೆ ನನಗಾಗ ಇಪ್ಪತ್ತಾರು, ಹೊಸ ವಾರ್ಡನ್ನು... ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅಂಥ ಪೂಜಾರಿ ನಾನು.

ಒಬ್ಬ ಹುಡುಗ ಬಂದ. ಹತ್ತೊಂಬತ್ತಿರಬಹುದು, ಮೊದಲ ಸಲ ಮನೆ ಬಿಟ್ಟು ಒಬ್ಬನೇ ಹೊರಟವನು. ಮಾರನೇ ಬೆಳಿಗ್ಗೆ ಅವನ ಪಾಲಿನ ಮೆಟ್ಟಿಲು ಗುಡಿಸಿದ, ಗುಡಿಸ್ತಾ ನಡುಗ್ತಿದ್ದ ಪಾಪ. 'ಜ್ವರ ಬಂದಿದೆ ಅಣ್ಣ, ಇವತ್ತೊಂದಿನ ಮಲಗಿರ್ಲಾ?' ಅಂದ. ಇಂಥ ಜ್ವರ ದಿನಕ್ಕೆ ಹತ್ತು ನೋಡ್ತೀನಿ ಅಂತ ಹೊರಗೆ ಕಳಿಸಿದೆ. ಅವತ್ತೂ ಹೀಗೇ ಮಳೆ.

ಎರಡು ಗಂಟೆಗೆ ವಾಪಸ್ ಬಂದು ಬಾಗಿಲು ಬಡಿದ. ನಾನು ಒಲೆ ಮುಂದೆ ಬೆಚ್ಚಗೆ ಕೂತಿದ್ದೆ... ಏಳ್ಲೂ ಇಲ್ಲ. ಕೂತಲ್ಲಿಂದ್ಲೇ 'ಐದು ಗಂಟೆಗೆ ಬಾ' ಅಂತ ಕೂಗಿದೆ. 'ಆಗ್ಲಿ ಅಣ್ಣ' ಅಂದ. ಜಗಳ ಆಡಿದ್ರೆ, ನಾಲ್ಕು ಮಾತು ಬೈದಿದ್ರೆ, ತೆಗೀತಿದ್ನೋ ಏನೋ. ಅಷ್ಟು ಒಳ್ಳೆಯವನಾಗಿರಬಾರ್ದಿತ್ತು. ಮೂರಕ್ಕೆ ಇನ್ನೊಂದ್ಸಲ ಮೆಲ್ಲಗೆ ಬಡಿದ. ಆಮೇಲೆ ಸದ್ದಿಲ್ಲ. ಬುದ್ಧಿ ಬಂತು ಅಂದ್ಕೊಂಡೆ.

ಐದಕ್ಕೆ ಬಾಗಿಲು ತೆಗೆದ್ರೆ... ಅದಕ್ಕೆ ಒರಗಿ ಕೂತಿದ್ದವನು ಚೀಲದ ಸಮೇತ ಒಳಗೆ ಉರುಳಿದ. ಜೀವ ಹೋಗಿತ್ತು.

ಎರಡು ದಿನ ಬಿಟ್ಟು ಅವನ ತಾಯಿ ಬಂದ್ರು. ಒಂದೇ ಮಾತು ಕೇಳಿದ್ರು. 'ನನ್ನ ಮಗ ಬಾಗಿಲು ಬಡೀಲಿಲ್ವಾ ಅಪ್ಪಾ?' ಇಲ್ಲಮ್ಮ ಅಂದೆ. ಬಡಿದಿದ್ರೆ ತೆಗೀದೆ ಇರ್ತಿದ್ನಾ ಅಂದೆ. 'ಅವನಿಗೆ ಚಿಕ್ಕಂದಿನಿಂದ ಸಂಕೋಚ ಜಾಸ್ತಿ' ಅಂತ ಸತ್ತ ಮಗನ ಮೇಲೇ ತಪ್ಪು ಹೊರಿಸಿ ಹೋದ್ರು ಆ ತಾಯಿ. ಆಗ್ಲೇ ಬಿದ್ದುಹೋಗ್ಬೇಕಿತ್ತು ಈ ನಾಲಿಗೆ.

ಆ ರೂಲ್ಸು ಯಾವತ್ತೋ ಹೋಯ್ತು. ಬಾಗಿಲಿಗೆ ಹಗಲು ಬೀಗ ಹಾಕೋದೇ ಇಲ್ಲ. ಆದ್ರೂ ಬರ್ತಾನೆ... ದಿನಾ ಐದಕ್ಕೆ, ನಾನು ಹೇಳಿದ ಹೊತ್ತಿಗೆ, ಎರಡೇ ಎರಡು ಸಲ ಮೆಲ್ಲಗೆ ಬಡೀತಾನೆ. ಓಡಿ ಹೋಗಿ ತೆಗೀತೀನಿ. ಬಾ ಮಗಾ, ತಪ್ಪಾಯ್ತು ಅಂತೀನಿ. ಯಾರೂ ಇರಲ್ಲ. ಬಿರುಬೇಸಿಗೇಲೂ ಒಬ್ಬ ಕೂತಷ್ಟು ಜಾಗ ಮಾತ್ರ ಒದ್ದೆ. ನಲವತ್ತೊಂಬತ್ತು ವರ್ಷ ಆಯ್ತು, ಒಂದು ದಿನಾನೂ ಒಳಗೆ ಬಂದಿಲ್ಲ."

ತಾತ ಗೋಡೆ ಗಡಿಯಾರದ ಕಡೆ ನೋಡಿದ; ಐದಾಗಿತ್ತು. ಮುಂಬಾಗಿಲ ಮೇಲೆ ಯಾರೋ ಎರಡು ಸಲ ಮೆಲ್ಲಗೆ ಬಡಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಮಲ್ಲಿ ಯಾರಾದ್ರೂ ಹೋಗಿ ತೆಗೀರಪ್ಪ," ಅಂದ ತಾತ. "ನಿಮ್ಮ ವಯಸ್ಸಿನವನೇ... ನನ್ನ ಕಂಡ್ರೆ ಅವನಿಗೆ ಭಯ."