ಅರವತ್ತರ ಪೈಪಿಗೆ ನೂರರ ತೂತು

ಇದು ನಮ್ಮ ಚಿಕ್ಕಪ್ಪನ ಮಗಳಿಗೆ ಆದದ್ದು. ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ.

ತಗಡಿನ ಕಾರ್ಖಾನೆಯಲ್ಲಿ ಅವಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕೆಲಸ. ಅಲ್ಲಿ ಎಲ್ಲರಿಗೂ ಡ್ರಾಯಿಂಗ್ ಅಕ್ಕ. ಆ ರಾತ್ರಿ ಕೆಲಸ ಮುಗಿಸಿ ಹಿಂದಿನ ಗೇಟಿನಿಂದ ಹೊರಟಳು. ಗೇಟಿನಾಚೆ ಒಂದು ಬತ್ತಿದ ಬಾವಿ. ದಾಟುವಾಗ ಕೇಳಿಸಿತು...

ಟಿಣ್. ಟಿಣ್... ಧಣ್.

ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಸುತ್ತಿಗೆಯನ್ನು ಹಾಗೆ ಆಡಿಸುತ್ತಿದ್ದವರು ಒಬ್ಬರೇ, ಅದೇ ಕಾರ್ಖಾನೆಯ ಮೇಸ್ತ್ರಿ, ನಮ್ಮ ಚಿಕ್ಕಪ್ಪ. ಅವರು ತೀರಿಹೋಗಿ ಎರಡು ತಿಂಗಳಾಗಿತ್ತು.

ಆಮೇಲೆ ಚೈನು ಎಳೆಯುವ ಸದ್ದು. ಕಟಕಟಕಟ... ಕಿರ್ರ್. ಬಾವಿಯೊಳಗಿಂದ.

ಅವಳು ಓಡಲಿಲ್ಲ. ಕಟ್ಟೆಗೆ ಕೈಯೂರಿ ಬಗ್ಗಿದಳು.

"ತೂತು ಎಷ್ಟು ಬಿಟ್ಟೆ?" ಒಳಗಿಂದ ಅಪ್ಪನ ಪಿಸುಮಾತು.

"ಅರವತ್ತು. ಪೈಪು ಅರವತ್ತಲ್ವಾ."

"ಎಳೆದು ನೋಡು, ಮಗಳೇ..."

ಹಿಂದಿನದನ್ನು ಹೇಳಿಬಿಡಬೇಕು. ಕಾಳು ಸಾಗಿಸುವ ಯಂತ್ರದ ಪೈಪಿಗೆ ಸುರುಳಿ ರೆಕ್ಕೆ ಬೇಕು. ತಗಡನ್ನು ಬಳೆಯಂತೆ ಕತ್ತರಿಸಿ, ಒಂದು ಕಡೆ ಸೀಳಿ, ತುದಿಗಳನ್ನು ಚೈನಿನಿಂದ ಎಳೆದರೆ ಅದು ಸುರುಳಿಯಾಗುತ್ತದೆ. ಹಿಂದಿನ ಸಲ ಚಿಕ್ಕಪ್ಪ ತಗಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತೂತು ನೂರು ಮಿಲಿಮೀಟರು ಎಂದು ಬರೆದರು. ಮಗಳು ನಕ್ಕಳು. ಅರವತ್ತರ ಪೈಪಿಗೆ ನೂರೇ, ಮೊಮ್ಮಗನ ಕಾಲಿಗೆ ಅಜ್ಜನ ಚಪ್ಪಲಿ ಹಾಕಿದ ಹಾಗಾಗುತ್ತೆ ಅಂದಳು. ಯಜಮಾನರೂ ಕಂಪ್ಯೂಟರ್ ಹೇಳಿದಂತೆ ಮಾಡಿ ಅಂದರು. ಚಿಕ್ಕಪ್ಪ ನೂರನ್ನು ಅಂಗೈಯಿಂದ ಒರೆಸಿ ಅರವತ್ತಕ್ಕೆ ಕತ್ತರಿಸಿದರು. ಒಂದು ರೆಕ್ಕೆಯೂ ಪೈಪಿಗೆ ಇಳಿಯಲಿಲ್ಲ. ಎಲ್ಲ ಗುಜರಿಗೆ. ನಕ್ಷೆ ಸರಿಯಾಗಿತ್ತು, ಕೈ ನಡುಗಿ ನಾನೇ ಹೆಚ್ಚು ಎಳೆದೆ ಅಂತ ಅವರು ತಪ್ಪೊಪ್ಪಿಕೊಂಡರು. ಮಗಳೂ ನಂಬಿದಳು. ನಡುಗೈ ಮೇಸ್ತ್ರಿ ಎಂಬ ಹೆಸರು ಹೊತ್ತುಕೊಂಡೇ ಹೋದರು. ಈಗ ಅದೇ ಕೆಲಸ ಮತ್ತೆ ಬಂದಿತ್ತು.

"ಸತ್ತರೂ ವಾದ ಬಿಡಲ್ವಲ್ಲ ನೀನು," ಅಂದಳು ಬಾವಿಗೆ. "ನೋಡೇ ಬಿಡ್ತೀನಿ. ಸೋತರೆ ಮತ್ತೆ ಬರಕೂಡದು."

ವಾಪಸ್ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಹಿಂದಿನ ಸಲ ಬರೀ ಚಪ್ಪಟೆ ಬಳೆ ಬರೆದಿದ್ದಳು, ಸುರುಳಿಯನ್ನು ಬರೆದೇ ಇರಲಿಲ್ಲ. ಈಗ ಪೈಪು ನಿಲ್ಲಿಸಿದಳು. ಪ್ರತಿ ಸುತ್ತೂ ಇನ್ನೂರು ಏರುವ ಗೆರೆ ಹಾಕಿ, ಅದರ ಗುಂಟ ಎಪ್ಪತ್ತು ಅಗಲದ ತಗಡು ಸುತ್ತಿದಳು. ಮೂರು ಸಲ ಕಂಪ್ಯೂಟರ್ ಆಗುವುದಿಲ್ಲ ಅಂದಿತು. ಹಲ್ಲು ಕಚ್ಚಿ ನಾಲ್ಕನೆಯ ಸಲ ಶುರು ಮಾಡಿದಳು. ತಗಡು ಬಳ್ಳಿಯಂತೆ ಹಬ್ಬಿತು. ಬಿಡಿಸಿ ಚಪ್ಪಟೆ ಮಾಡಲು ಒತ್ತಿದಳು. ತೂತಿನ ಅಳತೆ ಬಂತು.

ನೂರು.

ಎಳೆದಷ್ಟೂ ಒಳಗಿನ ತೂತು ಕಿರಿದಾಗುತ್ತದೆ. ಅಪ್ಪನ ಕೈಗೆ ಗೊತ್ತಿತ್ತು. ಕೈ ನಡುಗಿರಲೇ ಇಲ್ಲ.

ಬೆಳಗ್ಗೆ ಎಲ್ಲರನ್ನೂ ಕರೆದು ನಿಲ್ಲಿಸಿದಳು. ಯಜಮಾನರು ಪಕ್ಕಕ್ಕೆ ಕರೆದು, ಹೋದವರ ವಿಷಯ ಈಗ ಯಾಕೆ ಕೆದಕ್ತೀಯಮ್ಮ, ಕೆಲಸಕ್ಕೇ ಕುತ್ತು ತಂದ್ಕೋತೀಯ ಅಂದರು.

"ಬರಲಿ ಸರ್. ತಪ್ಪು ನನ್ನ ನಕ್ಷೆಯದು. ನಡುಗೈ ಅಂತ ಕರೆಯೋದಾದ್ರೆ ಇವತ್ತಿಂದ ನನ್ನನ್ನ ಕರೀರಿ."

ಹೊಸ ತಗಡಿನ ಕಟ್ಟನ್ನು ಅವಳೇ ಬಿಚ್ಚಿದಳು. ಯಂತ್ರ ನೂರಕ್ಕೆ ಕತ್ತರಿಸಿತು. ಚೈನು ಹಾಕಿ ಎಳೆದರು. ಕಟಕಟಕಟ... ಕಿರ್ರ್. ರೆಕ್ಕೆ ಸುತ್ತಿಗೆ ಪೆಟ್ಟಿಲ್ಲದೆ ಪೈಪಿಗೆ ಇಳಿದು ಕೂತಿತು.

ಆಮೇಲೆ ಅದನ್ನು ತಿರುಗಿಸಿದರು. ಹಿಂಬದಿಯಲ್ಲಿ ನೀಲಿ ಸೀಮೆಸುಣ್ಣದಲ್ಲಿ ನೂರು ಎಂದು ಬರೆದಿತ್ತು. ಈ ಸಲ ಯಾರೂ ಒರೆಸಿರಲಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ರೆಕ್ಕೆಯನ್ನು ನಾನು ಕೈಯಾರೆ ಮುಟ್ಟಿದ್ದೇನೆ. ಬೆರಳಿಗೆ ನೀಲಿ ಹತ್ತಿತು.