ನಾಳೆ ಬೆಳಿಗ್ಗೆ ಆ ಕಾರು ಹೊರಡಬಾರದು

ಹೊಳೆನರಸೀಪುರ ಗ್ರಾಮಾಂತರ ಪೊಲೀಸ್ ಠಾಣೆಯಲ್ಲಿ ದಿನಾಂಕ 23-01-2005, ಭಾನುವಾರ ಸಂಜೆ 5-15 ಗಂಟೆಗೆ ಹಾಜರಾಗಿ ನೀಡಿದ ಹೇಳಿಕೆ.

ನನ್ನ ಹೆಸರು ಜಯಲಕ್ಷ್ಮಮ್ಮ ಕೋಂ ಲೇಟ್ ತಿಮ್ಮಪ್ಪ, ವಯಸ್ಸು 54 ವರ್ಷ, ಬೇಸಾಯ ಮತ್ತು ಮನೆಗೆಲಸ, ವಾಸ ಹೊಳೆನರಸೀಪುರ ಟೌನ್. ಯಾರ ಒತ್ತಾಯವೂ ಇಲ್ಲದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನಗೆ ಸುದರ್ಶನ್ ಎಂಬ 27 ವರ್ಷದ ಒಬ್ಬನೇ ಮಗನಿದ್ದು, ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿರುತ್ತಾನೆ. ಎರಡು ವರ್ಷದ ಹಿಂದೆ ಅವನು ಹಾಸನದಲ್ಲಿ ಒಂದು ಹಳೆಯ ಕಪ್ಪು ಕಾಂಟೆಸ್ಸಾ ಕಾರನ್ನು ಕೊಂಡು ತಂದನು. ಬಂದಾಗ ಅದು ಸಾಧುವಾಗಿತ್ತು, ಯಾವ ತಕರಾರೂ ಇರಲಿಲ್ಲ. ಆಮೇಲೆ ನಮ್ಮೂರಿನ ಗ್ಯಾರೇಜಿನ ಮಂಚಯ್ಯ ಎಂಬುವನು ಅದರ ಇಂಜಿನ್ ಇಳಿಸಿ, ಎಲ್ಲಿಂದಲೋ ತಂದ ಇನ್ನೂ ದೊಡ್ಡ ಇಂಜಿನ್ ಕೂರಿಸಿ, ಹಿಂದಕ್ಕೆ ಅಗಲವಾದ ಟೈರುಗಳನ್ನು ಹಾಕಿದನು. ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್ ಸರಳುಗಳನ್ನು ಮಾತ್ರ ಹಳೆಯವನ್ನೇ ಬಿಟ್ಟನು. ಅಷ್ಟು ಜೋರು ಇಂಜಿನ್ನಿಗೆ ಅವು ತಡೆಯುತ್ತವೆಯೇ ಎಂದು ನಾನು ಕೇಳಿದ್ದಕ್ಕೆ, 'ತಡೀತವೆ ಕಣಕ್ಕ, ನೀವ್ಯಾಕೆ ತಲೆ ಕೆಡಿಸ್ಕತೀರಿ' ಎಂದನು. ಅವನ ಬಾಯಿಗೆ ಮಣ್ಣು ಹಾಕ, ತಡೆಯಲಿಲ್ಲ.

ಮೊದಲನೆಯ ಸರಳು ಕಳೆದ ಯುಗಾದಿಯ ಮಾರನೆಯ ದಿನ ಬಸ್ ಸ್ಟ್ಯಾಂಡಿನ ಎದುರು ಮುರಿಯಿತು. ಅದನ್ನು ನಾನು ಕೊಟ್ಟಿಗೆಯಲ್ಲಿ ನೆಟ್ಟು ಹಸು ಕಟ್ಟುತ್ತಿದ್ದೇನೆ. ಎರಡನೆಯದು ಗಣೇಶನ ಹಬ್ಬಕ್ಕೆ ಮುಂಚೆ ಚನ್ನರಾಯಪಟ್ಟಣದ ದಾರಿಯ ಏರಿನಲ್ಲಿ ಮುರಿದು, ಈ ದಿನದವರೆಗೆ ನಮ್ಮ ಹಿತ್ತಲ ಬಾಗಿಲಿಗೆ ಒತ್ತಾಗಿತ್ತು. ಎರಡು ಸಲವೂ ಅದು ಒಳಗಡೆ ಮುರಿದಿದ್ದರಿಂದ ಕಾರು ಮುಂದಕ್ಕೆ ಹೋಗದೆ ನಿಂತಿತೇ ಹೊರತು ಚಕ್ರ ಕಳಚಿರಲಿಲ್ಲ. ನನ್ನ ಮಗನು ಮುರಿದ ತುಂಡನ್ನು ಗೆಳೆಯರಿಗೆಲ್ಲ ತೋರಿಸಿ, ನನ್ನ ಬಳಿಯೂ 'ಇಂಜಿನ್ ಪವರ್ ನೋಡವ್ವ, ಕಬ್ಬಿಣನೇ ಮುರ್ದಾಕ್ತು' ಎಂದು ಹೆಮ್ಮೆಪಟ್ಟನು. ಹೆಮ್ಮೆ ಪಡುವ ಸಂಗತಿಯೇ ಸ್ವಾಮಿ ಅದು?

ಸುಮಾರು ಒಂದು ತಿಂಗಳಿನಿಂದ ಹಿಂದಿನ ಸೀಟಿನ ಅಡಿಯಿಂದ, ಕಾಳು ಹಾಕದೆ ಬೀಸುವ ಕಲ್ಲು ತಿರುಗಿಸಿದ ಹಾಗೆ ಸದ್ದು ಬರುತ್ತಿತ್ತು. ಹೇಳಿದರೆ ಮಗನು ಟೇಪಿನ ಹಾಡು ಜೋರು ಮಾಡುತ್ತಿದ್ದನು.

ಈ ದಿನ ಬೆಳಿಗ್ಗೆ 10-30 ಗಂಟೆಗೆ ಹರದನಹಳ್ಳಿಯಲ್ಲಿರುವ ನನ್ನ ನಾದಿನಿಯ ಮನೆಗೆಂದು ನಾವಿಬ್ಬರೂ ಆ ಕಾರಿನಲ್ಲಿ ಹೊರಟೆವು. ಮುಂದೆ ಕೂತರೆ ನನಗೆ ಎದೆ ಹೊಡೆದುಕೊಳ್ಳುವುದರಿಂದ ಹಿಂದಿನ ಸೀಟಿನ ಎಡಗಡೆ ಕೂತಿದ್ದೆನು. ಸುಮಾರು 11 ಗಂಟೆಗೆ, ಹರದನಹಳ್ಳಿಗೆ ಇನ್ನೂ ಎರಡು ಕಿಲೋಮೀಟರ್ ಇರುವಾಗ, ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ಟಾರು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಹುರುಳಿಯ ಯಜಮಾನ ಚಲುವಯ್ಯನು ಪಕ್ಕದಲ್ಲಿ ನಿಂತಿದ್ದು, ಆತನ ಸೊಸೆ ಬಸವಲಿಂಗಮ್ಮ ಕವೆಗೋಲಿನಿಂದ ಗಿಡಗಳನ್ನು ಮಗುಚಿ ಹಾಕುತ್ತಿದ್ದಳು. ಅಲ್ಲಿಂದ ಅರವತ್ತು ಅಡಿ ಮುಂದೆ, ರಸ್ತೆಯ ಎಡಬದಿಯ ಹೊಂಗೆ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ತನ್ನ ಎಂಟು ತಿಂಗಳ ಹೆಣ್ಣುಮಗುವನ್ನು ಮಲಗಿಸಿದ್ದಳು.

ಮಗನು ಹುರುಳಿಯ ಮೇಲೆ ಒಮ್ಮೆ ನಿಧಾನವಾಗಿ ಹೋದನು. ಅಗಲವಾದ ಟೈರುಗಳನ್ನು ನೋಡಿ ಚಲುವಯ್ಯನು ಕೈ ಅಡ್ಡ ಹಿಡಿದು, 'ಇನ್ನೊಂದ್ ಸುತ್ತು ಒಡೀರಿ ಸಾ, ನಿಮ್ ಗಾಡಿಗೆ ಕಾಳು ಚೆಂದಾಗ್ ಉದುರ್ತದೆ' ಎಂದು ಕೇಳಿಕೊಂಡನು. ಅಷ್ಟೇ ಸಾಕಾಯಿತು ನನ್ನ ಮಗನಿಗೆ. ಹಿಂದಕ್ಕೆ ತೆಗೆದುಕೊಂಡು ಬಂದು, ಹುರುಳಿಯ ಮಧ್ಯೆ ಕಾರು ನಿಲ್ಲಿಸಿ, ಇಂಜಿನ್ ಅರಚುವಂತೆ ಒಮ್ಮೆಲೇ ಎಕ್ಸಲರೇಟರ್ ತುಳಿದನು. ಹಿಂದಿನ ಚಕ್ರಗಳು ಗಿಡಗಳ ಮೇಲೆ ಜಾರಿ ನಿಂತಲ್ಲೇ ಗಿರ್ರನೆ ತಿರುಗಿ ಹುರುಳಿಯನ್ನೆಲ್ಲ ಹಿಂದಕ್ಕೆ ಎರಚಿದವು. ನಾನು 'ಬ್ಯಾಡ ಕಣ್ಲಾ, ಲೇ, ಬುಡ್ಲಾ' ಎಂದು ಅವನ ಭುಜಕ್ಕೆ ಹೊಡೆದೆನು. ಕಾರು ಹುರುಳಿಯಿಂದಾಚೆ ನೆಗೆಯಿತು. ತಿರುಗುತ್ತಿದ್ದ ಚಕ್ರಕ್ಕೆ ಬರಿ ಟಾರು ಸಿಕ್ಕಿದ ಕೂಡಲೇ ನನ್ನ ಸೀಟಿನ ಅಡಿಯಲ್ಲಿ ಟಣ್ ಎಂದಿತು.

ಕಾರಿನ ಎಡಭಾಗ ಕುಸಿದು ನೆಲ ಕೆರೆದುಕೊಂಡು ಹೋಗತೊಡಗಿತು. ಕಿಟಕಿಯಾಚೆ ಒಂದು ಚಕ್ರ ನಮ್ಮನ್ನು ಹಿಂದೆ ಹಾಕಿ ಓಡುತ್ತಿತ್ತು. ಯಾರ ಗಾಡಿಯದಪ್ಪಾ ಇದು ಎಂದುಕೊಂಡೆನು. ನಮ್ಮದೇ ಎಂದು ತಿಳಿಯುವಷ್ಟರಲ್ಲಿ ಅದು ಮುರಿದ ಸರಳಿನ ತುಂಡಿನ ಸಮೇತ ಜೋಲಿಯ ಕಡೆಗೆ ಹೋಗುತ್ತಿತ್ತು.

ಚಕ್ರ ಮರಕ್ಕೆ ಬಡಿದು ತೊಗಟೆ ಕಿತ್ತು ಬಿದ್ದಿತು. ಮರ ಅಲುಗಿ ಜೋಲಿ ತೂಗಾಡಿತು. ಕಾರು ನಿಂತ ಕೂಡಲೇ ನಾನು ಇಳಿದು ಓಡಿದೆನು. ಬಸವಲಿಂಗಮ್ಮ ಕವೆಗೋಲು ಕೈಬಿಟ್ಟು ನಿಂತಲ್ಲೇ ನಿಂತಿದ್ದು, 'ನೀವೇ ನೋಡಿ ಅವ್ವ, ನನ್ ಕೈಲಾಗಕಿಲ್ಲ' ಎಂದಳು. ಜೋಲಿಯ ಒಳಗಿನಿಂದ ಸದ್ದಿರಲಿಲ್ಲ. ದೇವರೇ, ನನ್ನ ಕಣ್ಣು ಕಿತ್ತುಕೋ, ಇದನ್ನು ತೋರಿಸಬೇಡ ಎಂದು ಬೇಡಿಕೊಂಡು ಸೀರೆ ಸರಿಸಿದೆನು. ಮಗು ನಿದ್ದೆ ಮಾಡುತ್ತಿತ್ತು. ಕೆನ್ನೆಗೆ ಹುರುಳಿ ಹೊಟ್ಟು ಅಂಟಿತ್ತು. ಚಕ್ರ ಬಡಿದ ಜಾಗಕ್ಕೂ ಜೋಲಿಗೂ ಒಂದು ಮೊಳ ನಾಲ್ಕು ಬೆರಳು ಅಂತರವಿರುತ್ತದೆ, ನಾನೇ ಮೊಳ ಹಾಕಿ ನೋಡಿದ್ದೇನೆ.

ಈ ವಿಷಯ ಠಾಣೆಗೆ ಹೇಳಬೇಕು ಎಂದು ನಾನು ಅಂದದ್ದಕ್ಕೆ ಚಲುವಯ್ಯನು, 'ಮಗೀಗೆ ಏನೂ ಆಗಿಲ್ವಲ್ಲ, ಬುಡವ್ವ. ಕೇಸು ಗೀಸು ಅಂದ್ರೆ ರಸ್ತೇಲಿ ಉಳ್ಳಿ ಅರವಿದ್ದಕ್ಕೆ ನಮ್ಮುನ್ನೇ ಇಡ್ಕಂಡೋಯ್ತಾರೆ' ಎಂದು ಕೈ ಮುಗಿದನು. ನನ್ನ ಮಗನು ಮೊದಲು ಬೆವರಿ ಬಿಳಿಚಿಕೊಂಡಿದ್ದವನು, ಮಗು ಕಣ್ಣು ಬಿಟ್ಟು ನಕ್ಕ ಮೇಲೆ ಸುಧಾರಿಸಿಕೊಂಡು, ಆದ ತಪ್ಪಿಗೆ, ತವರಿಗೆ ಹೋಗಬೇಕೆಂದಿದ್ದ ತಾಯಿ ಮಗು ಇಬ್ಬರನ್ನೂ ನಾಳೆ ಬೆಳಿಗ್ಗೆ 8 ಗಂಟೆಗೆ ಇದೇ ಕಾರಿನಲ್ಲಿ ಬೂವನಹಳ್ಳಿಯ ತವರುಮನೆಗೆ ಬಿಟ್ಟು ಬರುವುದಾಗಿ ಎಲ್ಲರೆದುರು ಮಾತು ಕೊಟ್ಟನು. ಬಸವಲಿಂಗಮ್ಮ ಕಣ್ಣೊರೆಸಿಕೊಂಡು, 'ತವ್ರಿಗೆ ಕಾರಲ್ಲೇ ಓಗಾದಾ?' ಎಂದು ಕೇಳಿದಳು. ಇದುವರೆಗೆ ಅವಳು ಕಾರು ಹತ್ತಿದವಳಲ್ಲವಂತೆ. ಅವಳ ಮುಖದ ಖುಷಿ ನೋಡಿ ನನಗೆ ಚಕ್ರ ಕಂಡಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮಧ್ಯಾಹ್ನ ಮಂಚಯ್ಯನು ಬಂದು ಕಾರನ್ನು ಗ್ಯಾರೇಜಿಗೆ ಸಾಗಿಸಿ, ಗುಜರಿ ಕಾರೊಂದರ ಸರಳು ತೆಗೆದು ಕೂರಿಸುತ್ತಿದ್ದಾನೆ. ರಾತ್ರಿ 8 ಗಂಟೆಗೆ ಗಾಡಿ ರೆಡಿ ಎಂದಿದ್ದಾನೆ. ಇಂಜಿನ್ ಅದೇ, ತುಳಿಯುವ ಕಾಲೂ ಅದೇ. ಮಗನು 'ಮೆಲ್ಲಗೆ ಓಡುಸ್ತೀನವ್ವ, ನಿನ್ನಾಣೆ' ಎಂದನು. ಎರಡನೆಯ ಸರಳು ಮುರಿದಾಗಲೂ ಇದೇ ಆಣೆ ಇಟ್ಟಿದ್ದನು.

ಹಸು ಕಟ್ಟಿದ ಸರಳನ್ನು ಕೀಳಲು ನನ್ನಿಂದ ಆಗಲಿಲ್ಲವಾದ್ದರಿಂದ, ಬಾಗಿಲಿಗೆ ಒತ್ತಿಟ್ಟಿದ್ದ ಎರಡನೆಯ ತುಂಡನ್ನು ತಂದು ಠಾಣೆಯಲ್ಲಿ ಹಾಜರುಪಡಿಸಿದ್ದೇನೆ. ಹೆತ್ತವಳೇ ಮಗನ ಮೇಲೆ ಬರೆಸುತ್ತಿದ್ದಾಳೆಂದು ನಿಮ್ಮ ಸಿಬ್ಬಂದಿಯೊಬ್ಬರು ನಕ್ಕರು. ನಗಲಿ. ಹುರುಳಿ ಹರಡಿದವರ ಮೇಲೆ ನನ್ನ ದೂರಿಲ್ಲ, ಅವರನ್ನು ಗೋಳು ಹೊಯ್ದುಕೊಳ್ಳಬೇಡಿ. ನನ್ನ ಮಗ ಸುದರ್ಶನನ ಮೇಲೆ ಕ್ರಮ ಕೈಗೊಂಡು, ಕಾರನ್ನು ಈ ರಾತ್ರಿಯೇ ಠಾಣೆಗೆ ತಂದು ನಿಲ್ಲಿಸಬೇಕೆಂದು ಕೋರುತ್ತೇನೆ. ಆಗದಿದ್ದರೆ ಈಗಲೇ ಹೇಳಿಬಿಡಿ.

ಆ ಕಾರು ಹತ್ತಬೇಡ ಕಣವ್ವ ಎಂದು ಬಸವಲಿಂಗಮ್ಮನಿಗೆ ಬಗೆಬಗೆಯಾಗಿ ಹೇಳಿದೆನು. ಅದಕ್ಕವಳು, 'ನೀವೂ ಬನ್ನಿ ಅವ್ವ, ನೀವ್ ಇಂದೆ ಕುಂತಿದ್ರೆ ನಿಮ್ ಮಗ ಉಡುಗಾಟ ಆಡಕಿಲ್ಲ' ಎಂದಳು. ಸ್ವಾಮಿ, ಈ ದಿನ ಬೆಳಿಗ್ಗೆಯೂ ನಾನು ಹಿಂದೆಯೇ ಕೂತಿದ್ದೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದು ಕೇಳಿಸಿಕೊಂಡಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ಸತ್ಯವಾಗಿರುತ್ತದೆ.

ಸ್ಥಳ: ಹೊಳೆನರಸೀಪುರ
ದಿನಾಂಕ: 23-01-2005, ಸಂಜೆ 6-20
(ಸಹಿ) ಜಯಲಕ್ಷ್ಮಮ್ಮ